ಮೆಣಸಿನ ಕೆಂಪನ್ನು ತೋರಿಸುವ ದೀಪ

ಕಾರ್ಕಳದ ಓದುಗರೊಬ್ಬರ ಪ್ರಶ್ನೆ. ಮನೆ ರಿಪೇರಿ ಮಾಡಿಸುವಾಗ ಅಡುಗೆಮನೆಗೆ ಕಪ್ಪು ಗ್ರಾನೈಟ್ ಸ್ಲ್ಯಾಬ್ ಹಾಕಿಸಿದರಂತೆ, ಅದರ ಮೇಲೆ ಗೋಡೆಯುದ್ದಕ್ಕೂ ಕಪಾಟು. ಅಂದಿನಿಂದ ಅಡುಗೆಮನೆಗೆ ಕಳೆಯೇ ಇಲ್ಲ. ವಾಸ್ತು ನೋಡುವವರು ಬಂದು ‘ಆಗ್ನೇಯ ಮೂಲೆಗೆ ಕಪ್ಪು ಕಲ್ಲು ಆಗದು, ಕಿತ್ತು ತೆಗೆಸಿ’ ಎಂದರು. ವಯರಿಂಗ್ ಮಾಡುವ ಹುಡುಗ ‘ಕಪಾಟಿನ ಅಡಿಗೆ ಎಲ್‌ಇಡಿ ಪಟ್ಟಿ ಅಂಟಿಸುವ’ ಎಂದ. ಯಾರ ಮಾತು ಕೇಳಬೇಕು?

ಹುಡುಗನ ಮಾತು ಕೇಳಿ. ಹೊಳಪು ಕೊಟ್ಟ ಕಪ್ಪು ಗ್ರಾನೈಟ್ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ವಾಪಸು ಕಳಿಸುತ್ತದೆ, ಉಳಿದದ್ದನ್ನು ಬಹುಪಾಲು ಹೀರಿಕೊಳ್ಳುತ್ತದೆ. ಕಳೆಗುಂದಿದಂತೆ ಕಾಣುವುದು ಅದಕ್ಕೆ. ಇದರಲ್ಲಿ ಶುಭವೂ ಇಲ್ಲ, ಅಶುಭವೂ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಗಟ್ಟಿ ಕಲ್ಲನ್ನು ಒಡೆಸುವ ಸಲಹೆ ಕೊಡುವವರು ಮೊದಲು ದೀಪ ಎಲ್ಲಿದೆ ಎಂದು ತಲೆಯೆತ್ತಿ ನೋಡಬೇಕಿತ್ತು. ಅದು ಸೀಲಿಂಗಿನ ನಡುವೆ ಇರುತ್ತದೆ, ಅಡುಗೆ ಮಾಡುವವರ ಬೆನ್ನ ಹಿಂದೆ.

ನೆಲದ ಮೇಲೆ ಕೂತು ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುತ್ತಿದ್ದ ಕಾಲದಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಹಂಚಿನ ಮಾಡಿನಲ್ಲೊಂದು ಗಾಜಿನ ಹಂಚು ಇರುತ್ತಿತ್ತು, ಬೆಳಕು ಮೇಲಿಂದ ಕೆಲಸದ ಮೇಲೇ ಬೀಳುತ್ತಿತ್ತು. ನಾವು ಎದ್ದು ನಿಂತು ಗೋಡೆಗೆ ಮುಖ ಮಾಡಿದ ದಿನದಿಂದ ನಮ್ಮ ನೆರಳೇ ನಮ್ಮ ಕತ್ತಿಯ ಮೇಲೆ ಬೀಳತೊಡಗಿತು. ಮೇಲಿನ ಕಪಾಟು ಇನ್ನಷ್ಟು ನೆರಳು ಸೇರಿಸಿತು. ಸೀಲಿಂಗಿನ ಬಲ್ಬನ್ನು ಎಷ್ಟೇ ದೊಡ್ಡದು ಮಾಡಿದರೂ ಆ ನೆರಳು ಅಲ್ಲೇ ಇರುತ್ತದೆ. ದೀಪ ತಲೆಗೂ ಸ್ಲ್ಯಾಬಿಗೂ ಮಧ್ಯೆ ಬರಬೇಕು.

ಹಾಗಾಗಿ ಪಟ್ಟಿ ಕಪಾಟಿನ ಅಡಿಯಲ್ಲಿರಲಿ, ಅದೂ ಮುಂದಿನ ಅಂಚಿನ ಹತ್ತಿರ. ಗೋಡೆಯ ಮೂಲೆಗೆ ಅಂಟಿಸಿದರೆ ಟೈಲ್ಸ್ ಚೆನ್ನಾಗಿ ಬೆಳಗುತ್ತದೆ, ಹೆಚ್ಚುವ ಹಲಗೆ ಅರೆಗತ್ತಲಲ್ಲೇ ಉಳಿಯುತ್ತದೆ. ಹೆಚ್ಚುವ ಜಾಗಕ್ಕೆ 300ರಿಂದ 500 ಲಕ್ಸ್ ಬೆಳಕು ಬಿದ್ದರೆ ಧಾರಾಳ.

ಈಗ ನನಗೆ ನಿಜವಾಗಿ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಹಾಲಿನಂಥ ಬಿಳಿ ಬೆಳಕು ಬಂದರೆ ಎಲ್ಲವೂ ಸರಿಯಾಗಿ ಕಾಣುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಮಣಿಪಾಲದ ಹೊಸ ಫ್ಲ್ಯಾಟುಗಳಲ್ಲೂ 6500 ಕೆಲ್ವಿನ್‌ನ ಕೂಲ್ ಡೇಲೈಟ್ ಪಟ್ಟಿಗಳೇ ಕಣ್ಣಿಗೆ ಬೀಳುತ್ತವೆ. ಅಂಥ ಪಟ್ಟಿಯ ಕೆಳಗೆ ಒಂದು ಮಟ್ಟುಗುಳ್ಳ, ಪಕ್ಕದಲ್ಲೊಂದು ಬ್ಯಾಡಗಿ ಮೆಣಸು ಇಟ್ಟು ನೋಡಿ. ಕಟಪಾಡಿ ಪಕ್ಕದ ಮಟ್ಟುವಿನಲ್ಲಿ ಬೆಳೆಯುವ ಆ ಗುಳ್ಳದ ತಿಳಿಹಸಿರು, ಅದರ ಮೇಲಿನ ಬೆಳ್ಳನೆಯ ಗೆರೆ, ತೊಟ್ಟಿನ ಮುಳ್ಳು ಎಲ್ಲ ಸ್ಪಷ್ಟ. ಮೆಣಸು ಮಾತ್ರ ಕಂದುಗಟ್ಟಿ, ಹಿಂದಿನ ವರ್ಷದ ಸರಕಿನ ಹಾಗೆ ಕಾಣುತ್ತದೆ. ಒಂದೇ ದೀಪ, ಎರಡು ನ್ಯಾಯ!

ಕಾರಣ ದೀಪದ ಹುಟ್ಟಿನಲ್ಲೇ ಇದೆ. ಸಾಮಾನ್ಯ ಬಿಳಿ ಎಲ್‌ಇಡಿಯ ಒಳಗಿರುವ ಚಿಪ್ ಸೂಸುವುದು ನೀಲಿ ಬೆಳಕನ್ನು, ಸುಮಾರು 450 ನ್ಯಾನೊಮೀಟರಿನದು. ಆ ನೀಲಿ ಎಲ್‌ಇಡಿಗಾಗಿಯೇ 2014ರಲ್ಲಿ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪ. ನೀಲಿಯ ಒಂದು ಪಾಲನ್ನು ಅದು ಹಳದಿಯಾಗಿ ಬದಲಿಸುತ್ತದೆ, ಉಳಿದ ನೀಲಿ ಹಾಗೇ ಹೊರಬರುತ್ತದೆ. ನೀಲಿಯೂ ಹಳದಿಯೂ ಕೂಡಿದಾಗ ನಮ್ಮ ಕಣ್ಣು ಬಿಳಿ ಎಂದು ಒಪ್ಪಿಬಿಡುತ್ತದೆ. ಫಾಸ್ಫರಿನ ಹಳದಿ ಅಗಲವಾಗಿ ಹರಡಿರುವುದರಿಂದ ಹಸಿರಿಗೆ ಕೊರತೆಯಿಲ್ಲ, ಗುಳ್ಳ ಗೆಲ್ಲುತ್ತದೆ. ಕಡುಗೆಂಪು ಮಾತ್ರ ಬಲು ಕಡಿಮೆ. ಮೆಣಸಿನ ಸಿಪ್ಪೆ ಕೆಂಪನ್ನಷ್ಟೇ ಹಿಂತಿರುಗಿಸಬಲ್ಲದು. ಬೀಳದ ಕೆಂಪನ್ನು ಎಲ್ಲಿಂದ ಹಿಂತಿರುಗಿಸೀತು?

ಪೆಟ್ಟಿಗೆಯ ಮೇಲೆ ‘ಸಿಆರ್‌ಐ 80’ ಎಂದು ಬರೆದಿರುತ್ತದೆ. ದೀಪವೊಂದು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದಕ್ಕೆ ಕೊಡುವ ಅಂಕ ಅದು, ಟ್ಯೂಬ್‌ಲೈಟಿನ ಕಾಲದಲ್ಲಿ ರೂಪುಗೊಂಡ ಲೆಕ್ಕ. ಎಂಟು ತಿಳಿಬಣ್ಣದ ಮಾದರಿಗಳನ್ನು ಹಿಡಿದು ಅವುಗಳ ಸರಾಸರಿ ತೆಗೆಯುತ್ತಾರೆ. ಕಡುಗೆಂಪು ಇರುವುದು ಒಂಬತ್ತನೆಯದಾಗಿ, ‘ಆರ್9’ ಎಂಬ ಹೆಸರಿನಲ್ಲಿ. ಸರಾಸರಿಗೆ ಅದು ಸೇರುವುದೇ ಇಲ್ಲ. ಕಷ್ಟದ ಪ್ರಶ್ನೆ ಬಿಟ್ಟು ಉಳಿದ ಎಂಟಕ್ಕೆ ಉತ್ತರ ಬರೆದು ಫಸ್ಟ್ ಕ್ಲಾಸ್ ಬಂದ ಹುಡುಗನಂತೆ, 80 ಪಡೆದ ದೀಪದ ಆರ್9 ಸೊನ್ನೆಯ ಆಸುಪಾಸಿನಲ್ಲಿ ಇರಬಹುದು, ಸೊನ್ನೆಗಿಂತ ಕೆಳಗೂ ಇಳಿಯಬಹುದು. ಈ ಲೆಕ್ಕದಲ್ಲಿ ಮೈನಸ್ ಅಂಕಕ್ಕೂ ಜಾಗವಿದೆ ಎಂದು ಮೊದಲು ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಉಡುಪಿ ಕಡೆಯ ಅಡುಗೆಗೆ ಇದು ಸಣ್ಣ ಮಾತಲ್ಲ. ನಮ್ಮ ಕುಚ್ಚಲಕ್ಕಿಯ ಕೆಂಪು, ಮೆಣಸು ತೆಂಗಿನತುರಿ ಹಾಕಿ ಕಡೆದ ಮಸಾಲೆಯ ಬಣ್ಣ, ಮಲ್ಪೆಯಿಂದ ಬಂದ ಬಂಗುಡೆಯ ಕಿವಿರಿನ ರಕ್ತಗೆಂಪು, ಇವನ್ನೆಲ್ಲ ನೋಡಿಯೇ ಅಡುಗೆಯವರು ತೀರ್ಮಾನಕ್ಕೆ ಬರುವುದು. ಕಿವಿರು ಕಂದಾಗಿ ಕಂಡರೆ ತಾಜಾ ಮೀನಿನ ಮೇಲೂ ಅನುಮಾನ ಹುಟ್ಟುತ್ತದೆ.

ಸಿಆರ್‌ಐ 90ಕ್ಕಿಂತ ಮೇಲೆ, ಆರ್9 ಕನಿಷ್ಠ 50, ಬಣ್ಣ 3000ರಿಂದ 4000 ಕೆಲ್ವಿನ್, ಹೀಗೆ ಕೇಳಿ ತನ್ನಿ. ಅಂಗಡಿಯವರಿಗೆ ಆರ್9 ಗೊತ್ತಿಲ್ಲದಿದ್ದರೆ ಜೇಬಿನಲ್ಲಿ ಒಂದು ಬ್ಯಾಡಗಿ ಮೆಣಸು ಕೊಂಡೊಯ್ಯಿರಿ. ಮೊದಲು ಬಾಗಿಲ ಬಳಿ ಹಗಲ ಬೆಳಕಿನಲ್ಲಿ ನೋಡಿ, ಆಮೇಲೆ ಒಳಗೆ ಪಟ್ಟಿಯ ಕೆಳಗೆ ಹಿಡಿಯಿರಿ. ವ್ಯತ್ಯಾಸ ಅಲ್ಲೇ ಕಾಣುತ್ತದೆ. ಹಾಗೆಯೇ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಪಟ್ಟಿಯನ್ನು ಚಿತ್ರಿಸಿ. ದಪ್ಪ ಕಪ್ಪು ಪಟ್ಟೆಗಳು ಹರಿದಾಡಿದರೆ ಅದಕ್ಕೆ ವಿದ್ಯುತ್ ಹದಗೊಳಿಸಿ ಕೊಡುವ ಡ್ರೈವರ್ ಕಳಪೆ, ದೀಪ ಮಿಣುಕುತ್ತಿದೆ.

ಕಪ್ಪು ಕಲ್ಲು ಇರುವವರಿಗೆ ಇನ್ನೊಂದು ಮಾತು. ವಾಪಸು ಬರುವ ಆ ನಾಲ್ಕೈದು ಪಾಲು ಕನ್ನಡಿಯಲ್ಲಿ ಬಂದಷ್ಟೇ ನೇರವಾಗಿ ಬರುತ್ತದೆ. ಬರಿಯ ಪಟ್ಟಿ ಅಂಟಿಸಿದರೆ ಸ್ಲ್ಯಾಬಿನೊಳಗೆ ಚುಕ್ಕಿಗಳ ಸಾಲು ಕಾಣಿಸಿ ಕಣ್ಣು ಕುಕ್ಕುತ್ತದೆ. ಹಾಲುಗಾಜಿನಂಥ ಮುಚ್ಚಳವಿರುವ ಅಲ್ಯೂಮಿನಿಯಂ ಪ್ರೊಫೈಲಿನೊಳಗೆ ಕೂರಿಸಿದರೆ ಚುಕ್ಕಿಗಳು ಕರಗಿ ಒಂದೇ ಗೆರೆಯಾಗುತ್ತವೆ. ಅಲ್ಯೂಮಿನಿಯಂ ಶಾಖವನ್ನೂ ಎಳೆದುಕೊಳ್ಳುವುದರಿಂದ ಪಟ್ಟಿ ಹೆಚ್ಚು ಕಾಲ ಬಾಳುತ್ತದೆ.

ಉದ್ದ ಅಡುಗೆಮನೆಗೆ 12 ವೋಲ್ಟ್ ಬೇಡ, 24 ವೋಲ್ಟಿನದು ತನ್ನಿ. ಮೀಟರಿಗೆ 10 ವ್ಯಾಟಿನ ಐದು ಮೀಟರ್ ಪಟ್ಟಿ 12 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೂ ಮೀರಿ ಎಳೆಯುತ್ತದೆ. ತೆಳು ತಾಮ್ರದಲ್ಲಿ ಅಷ್ಟು ಹರಿದರೆ ತುದಿಯ ದೀಪಗಳು ಮಂಕಾಗುತ್ತವೆ. 24ರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆ ನಮ್ಮದು, ಕಾಪುವಿನಂಥ ಕಡಲಂಚಿನಲ್ಲಿ ಗಾಳಿಯಲ್ಲೂ ಉಪ್ಪು. ಸಿಲಿಕೋನ್ ಹೊದಿಕೆಯ ಪಟ್ಟಿಯನ್ನೇ ಆರಿಸಿ, ಬೆಸುಗೆ ಹಾಕಿಸಿ ಜೋಡಿಸಿ. ಒತ್ತಿ ಕೂರಿಸುವ ಕ್ಲಿಪ್ಪುಗಳು ಬೇಗ ತುಕ್ಕು ಹಿಡಿಯುತ್ತವೆ. ಡ್ರೈವರನ್ನು ಒಲೆಯ ಹಬೆ ತಾಗದ ಕಡೆ, ಕೈಗೆ ಸಿಗುವ ಹಾಗೆ ಇಡಿಸಿ. ಸಾಮಾನ್ಯವಾಗಿ ಮೊದಲು ಕೆಡುವುದು ಅದೇ.