ಕಾವಲಿನ ಯಂತ್ರ ಕಾಣುವುದೇನು, ಕಾಣದಿರುವುದೇನು?

ಜಗಲಿಯ ಮೇಲೆ ಕುಳಿತ ಹಿರಿಯರು ಬೀದಿಯಲ್ಲಿ ಹೋಗಿಬರುವವರ ನಡಗೆಯನ್ನು ನೋಡಿಯೇ, ಇವರು ನೆಂಟರು, ಇವರು ದಾರಿ ತಪ್ಪಿದವರು, ಇವರ ಮೇಲೆ ಒಂದು ಕಣ್ಣಿರಬೇಕು ಎಂದು ನಿಶ್ಚಯಿಸುತ್ತಿದ್ದುದುಂಟು. ಮನುಷ್ಯನ ಚಲನವಲನಗಳನ್ನು ಕಂಡು ಹೀಗೆ ನಿರ್ಣಯಿಸುವ ಕೆಲಸವನ್ನು ಈಗ ಯಂತ್ರಗಳಿಗೂ ಒಪ್ಪಿಸುತ್ತಿದ್ದಾರೆ. ರೈಲುನಿಲ್ದಾಣ, ಅಂಗಡಿ, ಬೀದಿ, ಎಲ್ಲಿಯೂ ಕ್ಯಾಮೆರಾ ಇರುವ ಈ ಕಾಲದಲ್ಲಿ, ಇಂಥ ಯಂತ್ರಕ್ಕೆ ಏನು ತಿಳಿಯುವುದು, ಏನು ತಿಳಿಯದು ಎಂಬುದನ್ನು ಗೃಹಸ್ಥರಾದ ನಾವೂ ಅರಿತಿರುವುದು ಒಳಿತು.

ಯಂತ್ರದ ಕ್ರಮವು ಹೀಗಿದೆ. ಕ್ಯಾಮೆರಾ ಕಳುಹಿಸುವ ಚಿತ್ರವು ಕಂಪ್ಯೂಟರಿಗೆ ಬರಿಯ ಬಣ್ಣದ ಚುಕ್ಕೆಗಳ ರಾಶಿ. ಆದುದರಿಂದ ಮೊದಲು ಅದಕ್ಕೆ ಪಾಠವಾಗಬೇಕು. ಇದು ಮನುಷ್ಯ, ಇದು ಚೀಲ, ಇವನು ನಿಂತಿದ್ದಾನೆ, ಇವನು ಬಿದ್ದಿದ್ದಾನೆ ಎಂದು ಮನುಷ್ಯರೇ ಗುರುತು ಹಾಕಿದ ಸಾವಿರಾರು ಚಿತ್ರಗಳನ್ನು ಅದಕ್ಕೆ ಒದಗಿಸುತ್ತಾರೆ. ಅವುಗಳೊಳಗಿನ ಸಾಮ್ಯವನ್ನು ಅದು ಲೆಕ್ಕದಿಂದ ಹಿಡಿಯುತ್ತದೆ. ಕೆಲವು ಯಂತ್ರಗಳು ಭುಜ, ಮೊಣಕೈ, ಸೊಂಟ, ಮೊಣಕಾಲುಗಳನ್ನು ಬಿಂದುಗಳಾಗಿ ಗುರುತಿಸಿ, ಗೆರೆಗಳಿಂದ ಕೂಡಿಸಿ, ಸೂತ್ರದ ಬೊಂಬೆಯಂತಹ ಆಕೃತಿಯೊಂದನ್ನು ಮಾಡಿಕೊಂಡು, ಅದು ಕ್ಷಣಕ್ಷಣಕ್ಕೂ ಹೇಗೆ ಚಲಿಸುವುದೆಂದು ಅಳೆಯುತ್ತವೆ. ನಿಂತಿದ್ದ ಆಕೃತಿ ಥಟ್ಟನೆ ಅಡ್ಡಲಾಗಿ ಹಾಗೆಯೇ ಉಳಿದರೆ, ಯಾರೋ ಬಿದ್ದರೆಂದು ಕಾವಲಿನವನಿಗೆ ಸೂಚನೆ ಹೋಗುವುದು.

ಈ ವಿದ್ಯೆಯನ್ನು ಬಹಿರಂಗವಾಗಿ ಒರೆಗೆ ಹಚ್ಚಿ ನೋಡಿದ ದೇಶ ಫ್ರಾನ್ಸ್. ಪ್ಯಾರಿಸ್ಸಿನಲ್ಲಿ ೨೦೨೪ರಲ್ಲಿ ನಡೆಯಲಿದ್ದ ಒಲಿಂಪಿಕ್ ಕ್ರೀಡೆಗಳ ನಿಮಿತ್ತ, ಆ ದೇಶವು ೨೦೨೩ರ ಮೇ ೧೯ರಂದು ಕಾನೂನೊಂದನ್ನು ಮಾಡಿ, ಇಂಥ ಯಂತ್ರಗಳನ್ನು ೨೦೨೫ರ ಮಾರ್ಚ್ ೩೧ರವರೆಗೆ ಪರೀಕ್ಷಾರ್ಥವಾಗಿ ಬಳಸಲು ಒಪ್ಪಿತು. ಮುಖ ನೋಡಿ ಇಂಥವನೇ ಎಂದು ಗುರುತಿಸುವುದನ್ನು ಮಾತ್ರ ನಿಷೇಧಿಸಿತು. ಯಂತ್ರವು ಗಮನಿಸತಕ್ಕ ಸಂಗತಿಗಳು ಎಂಟು: ಬಿಟ್ಟುಹೋದ ವಸ್ತು, ಆಯುಧ, ಗೊತ್ತಾದ ದಿಕ್ಕಿಗೆ ವಿರುದ್ಧವಾದ ಸಂಚಾರ, ನಿಷಿದ್ಧ ಸ್ಥಳದ ಪ್ರವೇಶ, ನೆಲಕ್ಕೆ ಬಿದ್ದ ವ್ಯಕ್ತಿ, ಜನರ ನುಗ್ಗಾಟ, ಅತಿಯಾದ ಸಂದಣಿ ಮತ್ತು ಬೆಂಕಿ.

ಫಲವೇನಾಯಿತು? ಪರಾಮರ್ಶೆಯ ಸಮಿತಿಯ ವರದಿಯು ೨೦೨೫ರ ಜನವರಿಯಲ್ಲಿ ಹೊರಬಿದ್ದಿತು. ನಿಷಿದ್ಧ ಸ್ಥಳಕ್ಕೆ ಕಾಲಿಟ್ಟವರನ್ನೂ ಎದುರು ದಿಕ್ಕಿನಲ್ಲಿ ಸಾಗಿದವರನ್ನೂ ಯಂತ್ರವು ಚೆನ್ನಾಗಿಯೇ ಕಂಡುಹಿಡಿದಿತ್ತು. ಬಿಟ್ಟುಹೋದ ವಸ್ತುಗಳ ವಿಷಯದಲ್ಲಿಯಾದರೋ, ಅಲ್ಲಿಯ ರೈಲ್ವೆಗೆ ಬಂದ ೨೭೦ ಸೂಚನೆಗಳಲ್ಲಿ ಉಪಯೋಗಕ್ಕೆ ಬಂದುವು ೨೧ ಮಾತ್ರ. ಬೆಂಚು, ಗುಡಿಸುವವರ ಬಕೀಟುಗಳನ್ನು ಕಂಡು ಸಹ ಯಂತ್ರವು ಬೆದರಿತ್ತು!

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗೆರೆಯನ್ನು ದಾಟಿದರೋ ಇಲ್ಲವೋ ಎಂಬುದು ಅಳತೆಯ ಪ್ರಶ್ನೆ. ಚೀಲವನ್ನು ಬಿಟ್ಟುಹೋದರೋ, ಪಕ್ಕದಲ್ಲಿಟ್ಟು ಚೀಟಿ ಕೊಳ್ಳುತ್ತಿರುವರೋ ಎಂಬುದು ಅಭಿಪ್ರಾಯದ ಪ್ರಶ್ನೆ. ಯಂತ್ರಕ್ಕೆ ಅಳತೆ ಗೊತ್ತು, ಅಭಿಪ್ರಾಯ ಗೊತ್ತಿಲ್ಲ.

ಈ ವಿಷಯದಲ್ಲಿ ಮನುಷ್ಯನೂ ಬೀಗುವಂತಿಲ್ಲ. ಅಮೆರಿಕದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರ ಭಯ, ಕಳವಳಗಳನ್ನು ನೋಡಿ ದುಷ್ಟರನ್ನು ಹುಡುಕಲು ೨೦೦೭ರಿಂದ ವಿಶೇಷ ಅಧಿಕಾರಿಗಳನ್ನು ನೇಮಿಸಿದ್ದರು. ಅಲ್ಲಿಯ ಸರಕಾರದ ಲೆಕ್ಕ ತನಿಖಾ ಸಂಸ್ಥೆಯು ೨೦೧೩ರಲ್ಲಿ, ಹೀಗೆ ಹಾವಭಾವಗಳಿಂದ ವಂಚನೆಯನ್ನು ಪತ್ತೆ ಮಾಡುವ ಶಕ್ತಿಯು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚೇನೂ ಮೇಲಲ್ಲವೆಂದು ತಿಳಿಸಿತು. ಗುರುವಿಗೇ ಬಾರದ ವಿದ್ಯೆ ಶಿಷ್ಯನಿಗೆ ಬರುವುದೆಂತು? ಯುರೋಪಿನ ಒಕ್ಕೂಟವು ಕೆಲಸದ ಸ್ಥಳಗಳಲ್ಲಿಯೂ ಶಾಲೆಗಳಲ್ಲಿಯೂ ಯಂತ್ರದಿಂದ ಮನೋಭಾವವನ್ನು ಓದಿಸುವುದನ್ನು, ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣಗಳ ಹೊರತು, ೨೦೨೫ರ ಫೆಬ್ರವರಿ ೨ರಿಂದ ನಿಷೇಧಿಸಿರುವುದು ವಿವೇಕವೆಂದೇ ನಮಗೆ ತೋರುತ್ತದೆ.

ಹಾಗೆಂದು ಈ ವಿದ್ಯೆಯನ್ನು ತಳ್ಳಿಹಾಕಲಾಗದು. ಬೆಂಗಳೂರಿನ ಕ್ರೀಡಾಂಗಣದ ಬಾಗಿಲುಗಳಲ್ಲಿ ೨೦೨೫ರ ಜೂನ್ ೪ರಂದು ನೂಕುನುಗ್ಗಲಿಗೆ ೧೧ ಮಂದಿ ಬಲಿಯಾದುದನ್ನು ಮರೆತವರಾರು? ಸಂದಣಿಯು ಮಿತಿಮೀರುವ ಮೊದಲೇ ಎಚ್ಚರಿಸುವ ಕಣ್ಣೊಂದು ಎಲ್ಲಿಯಾದರೂ ಬೇಕಾದದ್ದೇ. ಆದರೆ ಎಚ್ಚರಿಕೆಯನ್ನು ಕೇಳಿ ಬಾಗಿಲು ತೆರೆಸುವ, ಜನರನ್ನು ತಡೆದು ನಿಲ್ಲಿಸುವ ಮನುಷ್ಯನಿಲ್ಲದಿದ್ದರೆ ಆ ಕಣ್ಣಿದ್ದೂ ಫಲವಿಲ್ಲ.

ಮನೆಯಲ್ಲಿ ಒಬ್ಬರೇ ಇರುವ ವೃದ್ಧರು ಬಿದ್ದಾರೆಂಬ ಭಯದಿಂದ ಇಂಥ ಯಂತ್ರವನ್ನು ತರುವವರೂ ಉಂಟು. ಅವರು ತರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲಿ: ಇದು ಏನನ್ನು ನೋಡುತ್ತದೆ? ಸೂಚನೆ ಬಂದಾಗ ಓಡಿಬರುವವರು ಯಾರು? ಚಿತ್ರಗಳು ಎಷ್ಟು ದಿನ, ಯಾರ ವಶದಲ್ಲಿರುತ್ತವೆ? ನಾಲ್ಕನೆಯದೊಂದನ್ನು ವೃದ್ಧರನ್ನೇ ಕೇಳಬೇಕು: ಇದು ನಿಮಗೆ ಸಮ್ಮತವೇ? ಅಜ್ಜಿ ನೆಲದ ಮೇಲೆ ಕುಳಿತಿರುವುದು ಬಿದ್ದೋ, ಹೂ ಕಟ್ಟುವುದಕ್ಕೋ ಎಂಬುದನ್ನು ಹತ್ತಿರ ಹೋಗಿ ತಿಳಿಯುವ ಕರ್ತವ್ಯವು ಎಂದಿದ್ದರೂ ನಮ್ಮದೇ.