ಮನೋವೈದ್ಯರ ಮೊದಲ ಭೇಟಿ: ನಾವು ನಂಬಿದ್ದೇನು, ಅಲ್ಲಿ ನಡೆಯುವುದೇನು?

ಹದಿನಾರರ ಹುಡುಗಿಗೋ ಹುಡುಗನಿಗೋ ನಾಳೆ ಮನೋವೈದ್ಯರ ಅಪಾಯಿಂಟ್‌ಮೆಂಟ್ ಇದೆ ಎಂದಿಟ್ಟುಕೊಳ್ಳಿ. ಇಂದು ರಾತ್ರಿ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗಲೂ ಎದೆ ಹೊಡೆದುಕೊಳ್ಳುತ್ತದೆ ನಿಜ, ಆದರೆ ಅಲ್ಲಿ ಏನು ಮಾಡುತ್ತಾರೆಂದು ಗೊತ್ತಿರುತ್ತದೆ. ಇಲ್ಲಿ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಸಿನಿಮಾ, ಗಾಳಿಸುದ್ದಿ, ನೆಂಟರ ಪಿಸುಮಾತು ಬಂದು ಕೂತಿವೆ. ಈ ಭಯ ಮಕ್ಕಳು ತಾವಾಗಿ ಕಲಿತದ್ದಲ್ಲ. ದೊಡ್ಡವರಾದ ನಾವು ನಂಬಿ, ಅವರಿಗೂ ದಾಟಿಸಿದ್ದು. ಬಿಡಿಸುವ ಕೆಲಸವೂ ನಮ್ಮದೇ.

ತಪ್ಪು ಕಲ್ಪನೆ 1: ಮನೋವೈದ್ಯರ ಬಳಿ ಹೋಗುವವರು ಹುಚ್ಚು ಹಿಡಿದವರು ಮಾತ್ರ.

ವಾಸ್ತವ: ಯಾರನ್ನಾದರೂ ಗೇಲಿ ಮಾಡಬೇಕಾದರೆ ನಿಮ್ಹಾನ್ಸ್‌ಗೆ ಸೇರಿಸಬೇಕು ಎನ್ನುವುದು ನಮಗೆ ರೂಢಿ. ಅದೇ ನಿಮ್ಹಾನ್ಸ್‌ಗೆ ಮೂರ್ಛೆರೋಗದವರು, ಪಾರ್ಶ್ವವಾಯು ಹೊಡೆದವರು, ತಲೆಗೆ ಪೆಟ್ಟು ಬಿದ್ದವರೂ ಬರುತ್ತಾರೆ. ಮಕ್ಕಳು ಮತ್ತು ಹದಿಹರೆಯದವರಿಗೆಂದೇ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಈ ವಯಸ್ಸಿನವರು ಮನೋವೈದ್ಯರಲ್ಲಿಗೆ ಬರುವುದು ನಿದ್ದೆ ಬಾರದ್ದಕ್ಕೆ, ಪರೀಕ್ಷೆ ಎಂದರೆ ಕೈಕಾಲು ನಡುಗುವುದಕ್ಕೆ, ಓದಿನಲ್ಲಿ ಗಮನ ನಿಲ್ಲದ್ದಕ್ಕೆ, ಮೊದಲು ಇಷ್ಟವಾಗಿದ್ದ ಆಟ-ಹಾಡು ಯಾವುದೂ ಬೇಡವಾದದ್ದಕ್ಕೆ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಸುಮಾರು ಶೇ. 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂತು. ಐವತ್ತು ಮಕ್ಕಳ ತರಗತಿಯಲ್ಲಿ ಮೂರೋ ನಾಲ್ಕೋ ಮಂದಿ ಎಂದಾಯಿತು.

ತಪ್ಪು ಕಲ್ಪನೆ 2: ಇದು ವಯಸ್ಸಿನ ಆಟ, ಮೊಬೈಲ್ ಕಿತ್ತುಕೊಂಡರೆ ಸರಿಹೋಗುತ್ತದೆ.

ವಾಸ್ತವ: ಹದಿಹರೆಯದಲ್ಲಿ ಸಿಟ್ಟು, ಮುನಿಸು ಸಹಜ. ಸಂಜೆಗೆ ಬಂದ ಮುನಿಸು ಬೆಳಗ್ಗೆ ಇಳಿದರೆ ಚಿಂತೆಯಿಲ್ಲ. ವಾರಗಟ್ಟಲೆ ಇಳಿಯದೆ ಊಟ, ನಿದ್ದೆ, ಶಾಲೆ, ಗೆಳೆತನ ಇವನ್ನೇ ಕೆಡಿಸಿದರೆ ಅದು ಬೇರೆ ಮಾತು. ಮೊಬೈಲ್ ಅತಿಯಾದರೆ ನಿದ್ದೆ ಕೆಡುತ್ತದೆ, ಹೌದು. ಆದರೆ ಎಷ್ಟೋ ಸಲ ಬೇಸರ ಮೊದಲು ಬಂದಿರುತ್ತದೆ, ಮೊಬೈಲ್ ಅದರಿಂದ ತಪ್ಪಿಸಿಕೊಳ್ಳುವ ದಾರಿ ಆಗಿರುತ್ತದೆ. ಯಾವುದು ಮೊದಲು ಎಂದು ವಿಚಾರಿಸಿ ನೋಡುವುದೇ ವೈದ್ಯರ ಕೆಲಸ.

ತಪ್ಪು ಕಲ್ಪನೆ 3: ದೃಷ್ಟಿ ತಾಗಿದೆ, ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ, ಇದಕ್ಕೆ ಡಾಕ್ಟರು ಏನು ಮಾಡಿಯಾರು?

ವಾಸ್ತವ: ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಬೇರೆಯವರಂತೆ ಮಾತಾಡಿದರೆ ಹೆತ್ತವರು ಹೀಗೆ ಯೋಚಿಸುವುದು ದಡ್ಡತನವಲ್ಲ, ದಿಗಿಲು. ಆದರೆ ಕಿವಿಯಲ್ಲಿ ದನಿ ಕೇಳುವುದು, ಮೈಮೇಲೆ ಬಂದಂತಾಗುವುದು, ಉಸಿರು ಸಿಕ್ಕಿ ಎದೆ ಒಡೆದಂತಾಗುವುದು ವೈದ್ಯರಿಗೆ ಗೊತ್ತಿರುವ, ಚಿಕಿತ್ಸೆಯಿರುವ ತೊಂದರೆಗಳು. ಥೈರಾಯ್ಡ್ ಏರುಪೇರು, ರಕ್ತಹೀನತೆಗಳೂ ಮನಸ್ಸನ್ನು ಕುಗ್ಗಿಸಬಲ್ಲವು. ಬೇಕೆನಿಸಿದರೆ ವೈದ್ಯರು ರಕ್ತಪರೀಕ್ಷೆ ಬರೆಯುವುದು ಅದಕ್ಕೇ. ದೇವರಿಗೆ ಹರಕೆ ಹೊತ್ತರೆ, ತಾಯತ ಕಟ್ಟಿದರೆ ಯಾವ ವೈದ್ಯರೂ ಜಗಳಕ್ಕೆ ಬರುವುದಿಲ್ಲ. ಅದರ ಹೆಸರಲ್ಲಿ ತಿಂಗಳುಗಳು ಕಳೆಯದಿದ್ದರೆ ಸಾಕು. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಸರಪಳಿ ಬಿಗಿಯುವುದಂತೂ ಕರ್ನಾಟಕದಲ್ಲಿ 2017ರ ವಾಮಾಚಾರ ನಿರ್ಮೂಲನೆ ಕಾಯ್ದೆಯಡಿ ಅಪರಾಧ.

ತಪ್ಪು ಕಲ್ಪನೆ 4: ಒಳಗೆ ಹೋದರೆ ಅಡ್ಮಿಟ್ ಮಾಡಿಕೊಳ್ಳುತ್ತಾರೆ, ಕರೆಂಟ್ ಶಾಕ್ ಕೊಡುತ್ತಾರೆ.

ವಾಸ್ತವ: ನಮ್ಮಲ್ಲಿ ಬಹಳ ಜನರಿಗೆ ಮಾನಸಿಕ ಆಸ್ಪತ್ರೆಯ ಪರಿಚಯವಾದದ್ದು ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ದಲ್ಲಿ. ಕೊನೆಗೆ ನಾಯಕಿ ಕಾವೇರಿ ಆಸ್ಪತ್ರೆಗೆ ಮರಳುವುದನ್ನು ನೆನಪಿಟ್ಟುಕೊಂಡೆವು. ಅವಳು ಗುಣವಾಗಿ ಮನೆಗೆ ಬಂದಿದ್ದಳು, ಮತ್ತೆ ಕೆಡಿಸಿದ್ದು ಗಂಡನ ನಡತೆ ಮತ್ತು ಸುತ್ತಲಿನವರ ಅನುಮಾನ ಎಂಬುದನ್ನು ಮರೆತೆವು. ಮೊದಲ ಭೇಟಿ ನಡೆಯುವುದು ಹೊರರೋಗಿ ವಿಭಾಗದಲ್ಲಿ. ಮಾತಾಡಿ, ಚೀಟಿ ಬರೆಸಿಕೊಂಡು ಮನೆಗೆ ಬರುವುದೇ ಸಾಮಾನ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ 18 ತುಂಬದವರನ್ನು ಒಳರೋಗಿಯಾಗಿ ಸೇರಿಸಿಕೊಳ್ಳಲು ಒಬ್ಬರ ಅಭಿಪ್ರಾಯ ಸಾಲದು; ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಈ ವಯಸ್ಸಿನವರಿಗೆ ವಿದ್ಯುತ್ ಚಿಕಿತ್ಸೆ ಸಾಮಾನ್ಯವಾಗಿ ನಿಷಿದ್ಧ. ತೀರಾ ಅನಿವಾರ್ಯವೆಂದು ಕಂಡರೂ ಪೋಷಕರ ಒಪ್ಪಿಗೆ, ಪರಿಶೀಲನಾ ಮಂಡಳಿಯ ಪೂರ್ವಾನುಮತಿ ಎರಡೂ ಬೇಕು. ಅರಿವಳಿಕೆಯಿಲ್ಲದೆ ಅದನ್ನು ಯಾವ ವಯಸ್ಸಿನವರಿಗೂ ಕೊಡುವಂತಿಲ್ಲ.

ತಪ್ಪು ಕಲ್ಪನೆ 5: ಡಾಕ್ಟರು ಮುಖ ನೋಡಿಯೇ ಮನಸ್ಸು ಓದುತ್ತಾರೆ, ಇಲ್ಲವೇ ಎಲ್ಲವನ್ನೂ ನಾವೇ ಸರಿಯಾಗಿ ಹೇಳಬೇಕು.

ವಾಸ್ತವ: ಎರಡೂ ಅಲ್ಲ. ಅವರು ಕೇಳುತ್ತಾರೆ: ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಶಾಲೆ ಹೇಗೆ, ಗೆಳೆಯರು ಯಾರು, ಮನೆಯಲ್ಲಿ ಯಾರಿಗಾದರೂ ಇಂಥದ್ದು ಇತ್ತೇ, ಯಾವಾಗ ಶುರುವಾಯಿತು. ಗೊತ್ತಿಲ್ಲ ಎನ್ನುವುದೂ ಉತ್ತರವೇ. ಈಗ ಹೇಳಲು ಆಗುವುದಿಲ್ಲ ಎನ್ನಬಹುದು. ಬಾಯಿ ಬಾರದಿದ್ದರೆ ಮನೆಯಲ್ಲೇ ನಾಲ್ಕು ಸಾಲು ಬರೆದು ಚೀಟಿ ಕೊಡಬಹುದು. ಅತ್ತರೆ ಅವರಿಗೆ ಹೊಸದಲ್ಲ. ನಡುಗುತ್ತಾ ಕೂತರೆ ಆ ನಡುಕದಿಂದಲೇ ಮಾತು ಶುರು ಮಾಡಬಹುದು.

ತಪ್ಪು ಕಲ್ಪನೆ 6: ಒಳಗೆ ಹೇಳಿದ್ದೆಲ್ಲ ಅಪ್ಪ-ಅಮ್ಮನ ಕಿವಿಗೆ, ಅಲ್ಲಿಂದ ಶಾಲೆಗೆ, ಅಲ್ಲಿಂದ ಊರಿಗೆ.

ವಾಸ್ತವ: ಬೇರೆಲ್ಲ ಭಯಕ್ಕಿಂತ ಹೆಚ್ಚಾಗಿ ಮಕ್ಕಳ ಬಾಯಿ ಕಟ್ಟುವುದು ಇದೇ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಶಾಲೆಗೆ, ನೆಂಟರಿಗೆ ವೈದ್ಯರು ವರದಿ ಒಪ್ಪಿಸುವುದಿಲ್ಲ. 18 ತುಂಬದವರ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬೇಕಾದ್ದರಿಂದ ತೊಂದರೆ ಏನು, ಚಿಕಿತ್ಸೆ ಏನು ಎಂದು ಅವರಿಗೆ ತಿಳಿಸುತ್ತಾರೆ. ಯಾರ ಮೇಲೆ ಮನಸ್ಸಾಗಿದೆ, ಗೆಳತಿಯೊಡನೆ ಏಕೆ ಮಾತು ಬಿಟ್ಟಿತು ಎಂಬುದನ್ನೆಲ್ಲ ಒಪ್ಪಿಸಬೇಕಿಲ್ಲ. ಅದಕ್ಕಾಗಿಯೇ ಒಳ್ಳೆಯ ವೈದ್ಯರು ಸ್ವಲ್ಪ ಹೊತ್ತು ಪೋಷಕರನ್ನು ಹೊರಗೆ ಕೂರಿಸಿ ಮಗುವಿನೊಡನೆ ಮಾತಾಡುತ್ತಾರೆ. ಈ ಗುಟ್ಟಿಗೂ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ತನ್ನ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ವೈದ್ಯರು ಹೇಳಲೇಬೇಕಾಗುತ್ತದೆ. ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ಕೊಡುವುದು ಕಡ್ಡಾಯ. ಯಾವುದನ್ನು ಮನೆಯವರಿಗೆ ಹೇಳುತ್ತೀರಿ, ಯಾವುದನ್ನು ಹೇಳುವುದಿಲ್ಲ ಎಂದು ಮಗು ಮೊದಲ ಐದು ನಿಮಿಷದಲ್ಲೇ ಕೇಳಬಹುದು. ಅದು ಉದ್ಧಟತನವಲ್ಲ.

ತಪ್ಪು ಕಲ್ಪನೆ 7: ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ.

ವಾಸ್ತವ: ಸಂಶೋಧನೆಗಳು ಹೇಳುವುದು ಹಾಗಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ವೈದ್ಯರು ಇದನ್ನು ಬಹುತೇಕ ಎಲ್ಲರಿಗೂ ಕೇಳುತ್ತಾರೆ, ಆದ್ದರಿಂದ ಪ್ರಶ್ನೆ ಬಂತೆಂದು ಬೆಚ್ಚಬೇಕಿಲ್ಲ. ಅಂಥ ಯೋಚನೆ ಈಗಲೇ ಕಾಡುತ್ತಿದ್ದರೆ ಅಪಾಯಿಂಟ್‌ಮೆಂಟ್ ದಿನದವರೆಗೆ ಕಾಯುವುದು ಬೇಡ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ತಪ್ಪು ಕಲ್ಪನೆ 8: ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ಬಿಡುವಂತಿಲ್ಲ, ಚಟವಾಗುತ್ತದೆ, ಮಂಕಾಗುತ್ತಾರೆ.

ವಾಸ್ತವ: ಮೊದಲ ಭೇಟಿಯಲ್ಲೇ ಎಲ್ಲರಿಗೂ ಮಾತ್ರೆ ಬರೆಯುವುದಿಲ್ಲ. ತೊಂದರೆ ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯೇ ಮೊದಲು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು. ಕೆಲವು ನಿದ್ದೆ ಮಾತ್ರೆಗಳು ಅಭ್ಯಾಸವಾಗಬಲ್ಲವು, ಅದಕ್ಕೇ ಅವನ್ನು ಅಳೆದು, ಕೆಲವೇ ದಿನ ಕೊಡುತ್ತಾರೆ. ಚಿಕ್ಕ ವಯಸ್ಸಿನ ಕೆಲವರಲ್ಲಿ ಖಿನ್ನತೆಯ ಮಾತ್ರೆ ಆರಂಭದ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಎಚ್ಚರಿಸಿದೆ. ಹಾಗಾಗಿ ಆ ವಾರಗಳಲ್ಲಿ ಮನೆಯವರು ಕಣ್ಣಿಟ್ಟಿರಬೇಕು, ಮರುಭೇಟಿ ತಪ್ಪಿಸಬಾರದು. ನಿಲ್ಲಿಸುವುದಾದರೂ ವೈದ್ಯರನ್ನು ಕೇಳಿ, ಹಂತಹಂತವಾಗಿ.

ತಪ್ಪು ಕಲ್ಪನೆ 9: ಇದೆಲ್ಲ ಬೆಂಗಳೂರಿನವರಿಗೆ, ದುಡ್ಡಿದ್ದವರಿಗೆ.

ವಾಸ್ತವ: ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರನ್ನು ಕಾಣುವ ವ್ಯವಸ್ಥೆ ಮಾಡಲಾಗಿದೆ. ಹೊರಡುವ ಮುನ್ನ ಆಸ್ಪತ್ರೆಗೊಂದು ಫೋನ್ ಮಾಡಿ ವಿಚಾರಿಸಿಕೊಳ್ಳಿ.

ತಪ್ಪು ಕಲ್ಪನೆ 10: ಎಲ್ಲಿಗೆ ಹೋಗುತ್ತಿದ್ದೇವೆಂದು ಮಗುವಿಗೆ ಹೇಳದಿರುವುದೇ ಒಳ್ಳೆಯದು, ತಲೆನೋವಿನ ಡಾಕ್ಟರು ಎಂದರೆ ಸಾಕು.

ವಾಸ್ತವ: ಬಾಗಿಲ ಮೇಲಿನ ಬೋರ್ಡು ಓದಲು ಹದಿನಾರರ ಮಗುವಿಗೆ ಬರುತ್ತದೆ. ಅಲ್ಲಿ ಸುಳ್ಳು ಬಯಲಾದರೆ ಮಗು ಒಳಗೆ ಬಾಯಿ ಬಿಡುವುದಿಲ್ಲ. ಹಿಂದಿನ ದಿನವೇ ಹೇಳಿಬಿಡಿ: ಯಾರನ್ನು ನೋಡುತ್ತೇವೆ, ಏಕೆ, ಎಷ್ಟು ಹೊತ್ತಾದೀತು. ಬೇಕಿದ್ದರೆ ಒಬ್ಬರೇ ಮಾತಾಡಬಹುದು ಎಂಬುದನ್ನೂ ಹೇಳಿ. ಈ ವೈದ್ಯರು ಸರಿಹೊಂದದಿದ್ದರೆ ಇನ್ನೊಬ್ಬರನ್ನು ನೋಡೋಣ ಎಂಬ ಮಾತೂ ಇರಲಿ. ಹೊರಗೆ ಬಂದ ಮೇಲೆ ಒಳಗೆ ಏನು ಹೇಳಿದೆ ಎಂದು ಕೆದಕಬೇಡಿ. ಹೇಳಬೇಕೆನಿಸಿದಾಗ ಮಗುವೇ ಹೇಳುತ್ತದೆ.