ಸೆರೆಯಲ್ಲಿ ಒಂದು ಕಾದಂಬರಿ

ಮಾರ್ಸೆಲ್ ಪ್ರೂಸ್ತ್‌ನ ‘ಕಳೆದ ಕಾಲದ ಅನ್ವೇಷಣೆ’ ಏಳು ಭಾಗಗಳ ಫ್ರೆಂಚ್ ಮಹಾಕಾದಂಬರಿ. ನೆನಪೇ ಅದರ ವಸ್ತು. ಅದನ್ನೋದಲು ಬಿಡುವು ಬೇಕು. ಪೋಲೆಂಡಿನ ಚಿತ್ರಕಾರ ಯೂಜೆಫ್ ಚಾಪ್‌ಸ್ಕಿಗೆ ಆ ಬಿಡುವನ್ನು ದೊರಕಿಸಿಕೊಟ್ಟುದು 1926ರ ವಿಷಮಶೀತಜ್ವರ!

1939ರಲ್ಲಿ, ಸೇನಾಧಿಕಾರಿಯಾಗಿದ್ದ ಆತ ಸೋವಿಯತ್ ಸೇನೆಗೆ ಸೆರೆಸಿಕ್ಕನು. ಸ್ಟಾರೊಬೆಲ್‌ಸ್ಕ್ ಶಿಬಿರದಲ್ಲಿ ಜೊತೆಗಿದ್ದ ಸುಮಾರು 4,000 ಬಂದಿಗಳಲ್ಲಿ ಬಹುತೇಕ ಮಂದಿ ಮರುವರ್ಷ ಗುಂಡಿಗೆ ಬಲಿಯಾದರು. ಉಳಿದ ಕೆಲವರೊಡನೆ ಚಾಪ್‌ಸ್ಕಿಯನ್ನು ಗ್ರಿಯಾಜೊವೆಟ್ಸ್ ಶಿಬಿರಕ್ಕೆ ಸಾಗಿಸಿದರು.

ಅಲ್ಲಿ, ಹಿಂದೊಮ್ಮೆ ಕ್ರೈಸ್ತ ಮಠವಾಗಿದ್ದ ಕಟ್ಟಡದ ಊಟದ ಮನೆಯಲ್ಲಿ, ಹಗಲೆಲ್ಲ ಕೊರೆಯುವ ಚಳಿಯಲ್ಲಿ ದುಡಿದ ಬಂದಿಗಳು ಸಂಜೆ ಒಟ್ಟುಗೂಡಿ ಬಲ್ಲವರಿಂದ ಪಾಠ ಕೇಳುತ್ತಿದ್ದರು. ಒಬ್ಬನು ವಾಸ್ತುಶಿಲ್ಪವನ್ನು ಬೋಧಿಸಿದರೆ, ಚಾಪ್‌ಸ್ಕಿ ಪ್ರೂಸ್ತ್‌ನನ್ನು ಆರಿಸಿಕೊಂಡನು. ಕೈಯಲ್ಲಿ ಕಾದಂಬರಿಯ ಒಂದು ಪುಟವೂ ಇರಲಿಲ್ಲ. ಚಹಾದಲ್ಲಿ ಅದ್ದಿದ ತಿನಿಸಿನ ರುಚಿಯೊಂದರಿಂದ ಮರೆತ ಬಾಲ್ಯವೆಲ್ಲ ಮರಳುವ ಪ್ರಸಂಗವನ್ನೂ, ಸಾವು ಸಮೀಪಿಸಿದ್ದರೂ ಬರೆಯುತ್ತಲೇ ಇದ್ದ ಪ್ರೂಸ್ತ್‌ನ ಕೊನೆಯ ದಿನಗಳನ್ನೂ ಆತ ನೆನಪಿನಿಂದಲೇ ಬಿಡಿಸಿಟ್ಟನು. ನೆನೆದಷ್ಟೂ ನೆನಪು ಒಸರುತ್ತಿತ್ತಂತೆ. ಉದ್ಧರಣೆಗಳು ಅಲ್ಲಲ್ಲಿ ಮೂಲದಿಂದ ದೂರ ಸರಿದಿವೆ, ನಿಜ. ಪಂಡಿತರು ಬೇಕಾದರೆ ತಿದ್ದಿಕೊಳ್ಳಲಿ. ನಾಳೆ ಏನಾಗುವುದೋ ಎಂಬ ಭಯದಲ್ಲಿ ಬೆಂದಿದ್ದ ಆ ಕೇಳುಗರಿಗೆ, ತಾವಿನ್ನೂ ಯೋಚಿಸಬಲ್ಲ ಮನುಷ್ಯರೆಂಬ ಧೈರ್ಯ ಅಷ್ಟರಿಂದಲೇ ದೊರೆಯಿತು.

ಇಬ್ಬರು ಸಂಗಡಿಗರು ಶಿಬಿರದಲ್ಲಿ ಬರೆದುಕೊಂಡ ಆ ಫ್ರೆಂಚ್ ಉಪನ್ಯಾಸಗಳು 1987ರಲ್ಲಿ ಗ್ರಂಥರೂಪ ತಾಳಿದವು.